ದೊಡ್ಡಮ್ಮನನ್ನು ಕಂಪ್ಯೂಟರಿಗೆ ಇಳಿಸಿದ್ದು

ನಮ್ಮ ಮನೆಯಲ್ಲಿ ಯಾವ ಯಂತ್ರ ಕೆಟ್ಟರೂ ಅದು ಮೊದಲು ನನ್ನ ಕೈಗೆ ಬರುತ್ತದೆ, ಆಮೇಲೆ ರಿಪೇರಿ ಅಂಗಡಿಗೆ ಹೋಗುತ್ತದೆ. ಮೊದಲೇ ಅಂಗಡಿಗೆ ಹೋಗಿದ್ದರೆ ಬದುಕಿಕೊಳ್ಳುತ್ತಿತ್ತು ಎಂಬುದು ನನ್ನ ಹೆಂಡತಿಯ ವಾದ. ಈ ವಾದದಲ್ಲಿ ಹುರುಳಿಲ್ಲ. ಗೋಡೆ ಗಡಿಯಾರ, ಇಸ್ತ್ರಿ ಪೆಟ್ಟಿಗೆ, ಮಗಳ ಸೈಕಲ್ಲು, ಇವೆಲ್ಲ ನನ್ನ ಕೈಯಲ್ಲೇ ಪ್ರಾಣ ಬಿಟ್ಟಿರಬಹುದು. ಆದರೆ ಯಾಕೆ ಸತ್ತವು ಎಂದು ಕಾರಣಸಮೇತ ಹೇಳಬಲ್ಲವನು ಈ ಮನೆಯಲ್ಲಿ ನಾನೊಬ್ಬನೇ! ಹಾಗಾಗಿ ಆ ದಿನ ಊಟದ ಮೇಜಿನ ಮುಂದೆ ಎದ್ದು ನಿಂತು, ಚಮಚವನ್ನು ರಾಜದಂಡದಂತೆ ಎತ್ತಿ ಹಿಡಿದು, "ಯಾರೂ ಚಿಂತೆ ಮಾಡ್ಬೇಡಿ. ಆ ಟೇಪನ್ನ ನಾನೇ ಕಂಪ್ಯೂಟರಿಗೆ ಇಳಿಸ್ತೀನಿ!" ಎಂದು ಘೋಷಿಸಿದೆ.

ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಮೊದಲು ಚಮಚ ಇಳಿಸಿ. ಮೊಸರು ತೊಟ್ಟಿಕ್ತಾ ಇದೆ."

ಟೇಪಿನ ಮಾತು ಬಂದದ್ದು ಅತ್ತೆಯ ಫೋನಿನಿಂದ. ಅತ್ತೆಗೆ ಇದ್ದದ್ದು ಒಬ್ಬಳೇ ಅಕ್ಕ. ನನ್ನ ಹೆಂಡತಿಗೆ ದೊಡ್ಡಮ್ಮ, ಮದುವೆಯಾದ ಮೇಲೆ ನನಗೂ ದೊಡ್ಡಮ್ಮ. ಹೋದ ವರ್ಷ ಅವರು ತೀರಿಕೊಂಡರು. ಜಗಳಕ್ಕೂ ನಗುವಿಗೂ ಅತ್ತೆಗಿದ್ದ ಜೊತೆ ಅವರೇ. ಮೊನ್ನೆ ಅತ್ತೆ ಮಗಳಿಗೆ ಫೋನ್ ಮಾಡಿ, ಅದೂ ಇದೂ ಮಾತಾಡಿ, ಕೊನೆಗೆ ಮೆಲ್ಲಗೆ ಹೇಳಿದರಂತೆ: "ಅಕ್ಕನ ಫೋಟೋ ಬೇಕಾದಷ್ಟಿದೆ ಕಣೇ. ಮುಖ ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ರೆ ಧ್ವನಿ ಮರೆತು ಹೋಗ್ತಿದೆ. ನೆನಪು ಮಾಡ್ಕೊಳ್ಳೋಕೆ ಹೋದ್ರೆ ನನ್ನ ಧ್ವನಿನೇ ಕೇಳುತ್ತೆ. ನಿನ್ನ ತಮ್ಮನ ಅಂಗಡಿ ಶುರುವಾದ ದಿನ ಅಳಿಯಂದ್ರು ವಿಡಿಯೋ ತೆಗೆದಿದ್ರಲ್ಲ, ಅದರಲ್ಲಿ ಅಕ್ಕ ಮಾತಾಡಿದ್ದು ಏನಾದ್ರೂ ಇದೆಯಾ ನೋಡು. ಭಾನುವಾರ ಬರ್ತೀನಿ."

ಅತ್ತೆ ನನ್ನನ್ನು ಇದುವರೆಗೂ ಏನನ್ನೂ ಕೇಳಿದವರಲ್ಲ. ಕೇಳಿದರೆ ನಾನು ಮಾಡಿಬಿಡುತ್ತೇನೆ ಎಂಬ ಭಯ ಅವರಿಗೆ.

ನನ್ನ ಭಾವಮೈದುನನದು ಕನ್ನಡಕದ ಅಂಗಡಿ. ಅದು ಶುರುವಾದ ದಿನ ನಾನೇ ಅಧಿಕೃತ ಛಾಯಾಗ್ರಾಹಕ. ಯಾರೂ ನೇಮಿಸಿರಲಿಲ್ಲ, ಆಗತಾನೇ ಕೊಂಡ ಹೈ ಡೆಫಿನಿಷನ್ ಟೇಪ್ ಕ್ಯಾಮೆರಾ ನನ್ನ ಕೈಯಲ್ಲಿತ್ತು, ಅಷ್ಟು ಸಾಕಲ್ಲ! ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದಾದ ಟೇಪು. ಅದರೊಳಗೆ ಒಂದು ಗಂಟೆಯ ಚಿತ್ರ, ಅದೂ ಎಷ್ಟು ಸ್ಪಷ್ಟ ಅಂದರೆ ಮುಖದ ಒಂದೊಂದು ಸುಕ್ಕೂ ಬಿಡಿಬಿಡಿಯಾಗಿ ಕಾಣುವಷ್ಟು. ಈ ಗುಣವನ್ನು ನಾನು ಬಂದ ಹೆಂಗಸರಿಗೆಲ್ಲ ಬಿಡಿಸಿ ಹೇಳಿದೆ. ಆಮೇಲೆ ಯಾರೂ ಕ್ಯಾಮೆರಾದ ಹತ್ತಿರ ಸುಳಿಯಲಿಲ್ಲ. ಎಲ್ಲರೂ ತೋರಿಸಿ ತೋರಿಸಿ ಎಂದು ಬಹಳ ದಿನ ಕೇಳಿದರು. "ಹಸಿಹಸಿಯಾಗಿ ತೋರಿಸೋನಲ್ಲ ನಾನು. ಎಡಿಟ್ ಮಾಡಿ ತೋರಿಸ್ತೀನಿ" ಎನ್ನುತ್ತಾ ಬಂದೆ. ಕೇಳುವವರು ಸುಸ್ತಾಗಿ ಕೇಳುವುದನ್ನೇ ಬಿಟ್ಟರು.

ಈಗ ನನ್ನ ಕಾಲ ಬಂದಿತ್ತು.

"ಎಷ್ಟು ಹೊತ್ತಿನ ಕೆಲಸ?" ಎಂದಳು ಹೆಂಡತಿ.

"ಐದು ನಿಮಿಷ. ವೈರ್ ಸಿಕ್ಕಿಸೋದು, ಗುಂಡಿ ಒತ್ತೋದು, ಇಳಿಸೋದು."

"ಹಾಗಾದ್ರೆ ಭಾನುವಾರಕ್ಕೆ ಆಗಲ್ಲ ಅನ್ನಿ."

ಮೊದಲ ತೊಡಕು ವೈರಿನದು. ಆ ಕ್ಯಾಮೆರಾಕ್ಕೆ ಈಗಿನ ವೈರುಗಳು ಆಗುವುದಿಲ್ಲ. ಅದಕ್ಕೆ ಫೈರ್‌ವೈರ್ ಎಂಬ ಒಂದು ಬಗೆಯ ವೈರೇ ಆಗಬೇಕು. ಒಂದು ತುದಿ ಇರುವೆಯ ಬಾಯಿಯಷ್ಟು, ಇನ್ನೊಂದು ತುದಿ ಇರುವೆಯ ಮಾವನ ಬಾಯಿಯಷ್ಟು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿದರೆ ಅಲ್ಲಿದ್ದ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ತಿರುಗಿ, "ಅಣ್ಣಾ, ಇಲ್ಲೊಬ್ಬರು ಮ್ಯೂಸಿಯಂನಿಂದ ಬಂದಿದಾರೆ!" ಎಂದು ಕೂಗಿದಳು. ಅಣ್ಣ ಒಳಗಿನ ಕಪಾಟಿನಿಂದ ಧೂಳು ಹಿಡಿದ ವೈರೊಂದನ್ನು ತಂದು ಕೊಟ್ಟು, ವಾಪಸ್ ತಗೊಳ್ಳಲ್ಲ ಎಂದು ಕಟ್ಟುನಿಟ್ಟಾಗಿ ಹೇಳಿದ.

ಎರಡನೆಯ ತೊಡಕು, ಆ ವೈರನ್ನು ಬಾಯಿಗೆ ಹಾಕಿಕೊಳ್ಳಬಲ್ಲ ಕಂಪ್ಯೂಟರು. ಮಗಳ ಲ್ಯಾಪ್‌ಟಾಪಿಗೆ ಅಂಥ ತೂತೇ ಇಲ್ಲ. ನಮ್ಮ ಹಳೆಯ ಕಂಪ್ಯೂಟರಿಗೆ ಇತ್ತು. ಅದು ಮಲಗುವ ಕೋಣೆಯ ಮೂಲೆಯಲ್ಲಿ ಇಸ್ತ್ರಿಗೆ ಹೋಗಬೇಕಾದ ಬಟ್ಟೆಗಳನ್ನು ಹೊತ್ತುಕೊಂಡು ನಿವೃತ್ತ ಜೀವನ ನಡೆಸುತ್ತಿತ್ತು. ಬಟ್ಟೆ ಇಳಿಸಿ, ಧೂಳು ಒರೆಸಿ, ಹಾಲ್‌ನ ನಡುವೆ ಮೇಜಿನ ಮೇಲೆ ಪ್ರತಿಷ್ಠಾಪಿಸಿದೆ. ಗುಂಡಿ ಒತ್ತಿದ್ದೇ ತಡ, ನಾಲ್ಕು ಮನೆಗೆ ಕೇಳುವಂತೆ ಗುರ್ ಎಂದು ಎದ್ದು ಕೂತಿತು.

"ಅಯ್ಯೋ, ಹಿಟ್ಟಿನ ಗಿರಣಿ!" ಎಂದು ಮಗಳು ಕಿವಿ ಮುಚ್ಚಿಕೊಂಡಳು. ಕಾಲೇಜಿಗೆ ಹೋಗುವ ಮಗಳು. ಅಪ್ಪನಿಗಿಂತ ತನಗೆ ಹೆಚ್ಚು ಗೊತ್ತಿದೆ ಎಂಬ ಭ್ರಮೆ ಆ ವಯಸ್ಸಿಗೆ ಸಹಜ, ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ವೈರ್ ಸಿಕ್ಕಿಸಿದೆ. ಟೇಪು ಹಾಕಿದೆ. ಕಂಪ್ಯೂಟರು, "ಕ್ಯಾಮೆರಾ ಎಲ್ಲಿದೆ?" ಎಂದು ಕೇಳಿತು. ಮುಂದೆಯೇ ಕುಳಿತಿದೆ! ಕ್ಯಾಮೆರಾ, "ಕಂಪ್ಯೂಟರ್ ಎಲ್ಲಿದೆ?" ಎನ್ನುವಂತೆ ಕಣ್ಣು ಮಿಟುಕಿಸಿತು. ನಡುವೆ ಒಂದು ಮೊಳ ವೈರು, ಎರಡಕ್ಕೂ ಮುಖ ಪರಿಚಯವೇ ಇಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ವೈರನ್ನು ಕಿತ್ತು ಸಿಕ್ಕಿಸಿದೆ, ಊದಿ ಸಿಕ್ಕಿಸಿದೆ, ಬೈದು ಸಿಕ್ಕಿಸಿದೆ. ಬೈದದ್ದು ನಾಟಿತು ಅಂತ ಕಾಣುತ್ತದೆ, ಪರದೆಯ ಮೇಲೆ ಧುತ್ತೆಂದು ಒಂದು ಚಿತ್ರ ಮೂಡಿತು. ಎರಡು ಕಗ್ಗತ್ತಲ ಗುಹೆಗಳು, ಗುಹೆಯ ಬಾಯಲ್ಲಿ ಪೊದೆ.

"ಬಂತು! ಬಂತು! ಎಲ್ಲರೂ ಬನ್ನಿ!" ಎಂದು ಕೂಗಿದೆ. ಹೆಂಡತಿ ಕೈ ಒರೆಸಿಕೊಳ್ಳುತ್ತಾ ಓಡಿ ಬಂದಳು. "ಇದು ಯಾವ ಜಾಗ? ಅಂಗಡಿ ಹತ್ತಿರ ಗುಡ್ಡ ಇರ್ಲಿಲ್ವಲ್ಲ?"

ಮಗಳು ಹತ್ತಿರ ಬಂದು ಬಗ್ಗಿ ನೋಡಿದಳು. "ಅಪ್ಪಾ, ಇದು ಅಂಗಡಿ ಅಲ್ಲ. ನಿಮ್ಮ ಮೂಗು. ಕ್ಯಾಮೆರಾನ ಟೇಪ್ ಓಡಿಸೋ ಕಡೆಗೆ ತಿರುಗಿಸಿಲ್ಲ ನೀವು, ಅದು ಎದುರಿಗಿರೋದನ್ನ ತೋರಿಸ್ತಿದೆ."

"ಹೈ ಡೆಫಿನಿಷನ್ ಅಂದ್ರೆ ಹೈ ಡೆಫಿನಿಷನ್ನೇ ಕಣ್ರೀ" ಎಂದು ಹೆಂಡತಿ ತಲೆದೂಗುತ್ತಾ ಅಡಿಗೆಮನೆಗೆ ಹೋದಳು. "ಒಂದೊಂದು ಕೂದಲೂ ಕಾಣುತ್ತೆ."

ಕ್ಯಾಮೆರಾದ ಬದಿಯಲ್ಲಿದ್ದ ಗುಬುಟನ್ನು ತಿರುಗಿಸಿದ ಮೇಲೆ ಟೇಪು ಓಡಿತು. ಕಂಪ್ಯೂಟರಿನಿಂದಲೇ ಗುಂಡಿ ಒತ್ತಿದರೆ ಕ್ಯಾಮೆರಾದೊಳಗಿನ ಟೇಪು ಹಿಂದಕ್ಕೆ ಹೋಗುತ್ತದೆ, ಮುಂದಕ್ಕೆ ಬರುತ್ತದೆ! ಮುಟ್ಟದೆಯೇ ಮಾತು ಕೇಳುವ ಪ್ರಾಣಿಯನ್ನು ಈ ಮನೆಯಲ್ಲಿ ನಾನು ಕಂಡದ್ದು ಅದೇ ಮೊದಲು. ಸ್ವಲ್ಪ ಹೊತ್ತು ಸುಮ್ಮನೆ ಹಿಂದೆ ಮುಂದೆ ಓಡಿಸಿ ಸುಖಪಟ್ಟೆ.

ಆದರೆ ಟೇಪಿಗೊಂದು ದುರಭ್ಯಾಸವಿದೆ. ಫೋಟೋದ ಹಾಗೆ ಒಂದೇ ಏಟಿಗೆ ಕಾಪಿ ಆಗುವುದಿಲ್ಲ. ಒಂದು ಗಂಟೆಯ ಟೇಪು ಇಳಿಯಬೇಕಾದರೆ ಅದು ಆದಿಯಿಂದ ಅಂತ್ಯದವರೆಗೆ ಒಂದು ಗಂಟೆ ಓಡಲೇಬೇಕು. ಓಡುವಾಗ ಎಲ್ಲಾದರೂ ಎಡವಿದರೆ ಅಲ್ಲಿಗೆ ಚಿತ್ರ ತುಂಡು, ಮತ್ತೆ ಮೊದಲಿನಿಂದ.

"ಐದು ನಿಮಿಷ ಅಂದ್ರಿ?" ಹೆಂಡತಿ ಅಡಿಗೆಮನೆಯಿಂದಲೇ ಕೇಳಿದಳು.

"ಸಿಕ್ಕಿಸೋದು ಐದು ನಿಮಿಷ ಅಂದೆ."

"ಸಿಕ್ಕಿಸೋದಕ್ಕೇ ಬೆಳಗ್ಗೆಯಿಂದ ಮಧ್ಯಾಹ್ನ ಆಯ್ತು."

ಮೊದಲ ಸಲ ಅವಳು ಮಿಕ್ಸಿ ಹಾಕಿದ ಕೂಡಲೇ ದೀಪ ಒಮ್ಮೆ ಮಂಕಾಗಿ ಕಂಪ್ಯೂಟರು ಎಡವಿತು. ಎರಡನೇ ಸಲ ಮಗಳು ಫ್ರಿಜ್ಜಿನ ಬಾಗಿಲನ್ನು ದಢಾರನೆ ಹಾಕಿದಳು. ಮೂರನೇ ಸಲ ಏನೂ ಆಗಲಿಲ್ಲ, ಆದರೂ ಎಡವಿತು. ಇನ್ನು ಸಹಿಸುವುದು ಸಾಧ್ಯವಿಲ್ಲವೆಂದು ಮನೆಯಲ್ಲಿ ತುರ್ತು ಪರಿಸ್ಥಿತಿ ಹೇರಿದೆ! ಮಿಕ್ಸಿ ಬಂದ್. ವಾಷಿಂಗ್ ಮಷೀನ್ ಬಂದ್. ಬಾಗಿಲು ಹಾಕುವುದಿದ್ದರೆ ಮಗುವಿಗೆ ಜೋಗುಳ ಹಾಡಿದಂತೆ ಹಾಕಬೇಕು. ಕರೆಗಂಟೆಯ ಮೇಲೆ ಒಂದು ಅಂಗೈಯಗಲದ ರಟ್ಟು ಅಂಟಿಸಿದೆ. ಸೀನು ಬಂದವರು ಬಾಲ್ಕನಿಗೆ ಹೋಗತಕ್ಕದ್ದು.

"ಉಸಿರಾಡಬಹುದಾ?" ಎಂದಳು ಹೆಂಡತಿ.

"ಮೆಲ್ಲಗೆ."

ಟೇಪು ಓಡತೊಡಗಿತು. ಕ್ಯಾಮೆರಾದ ಪುಟಾಣಿ ಸ್ಪೀಕರಿನಿಂದ ಧ್ವನಿ ಬಂತು. ದೊಡ್ಡಮ್ಮನದಲ್ಲ. ನನ್ನದು! "ಈ ಕಡೆ ನೋಡಿ! ಕೈ ಇಳಿಸಿ! ನಗಿ! ನಗಿ ಅಂದ್ನಲ್ಲ! ಹೀಗಲ್ಲ, ಹಲ್ಲು ಕಾಣೋ ಹಾಗೆ!" ಎಲ್ಲರೂ ಪಾಸ್‌ಪೋರ್ಟಿಗೆ ನಿಂತವರಂತೆ ಬಿಗಿದುಕೊಂಡು ನಿಂತಿದ್ದಾರೆ. ಭಾವಮೈದುನ ರಿಬ್ಬನ್ ಕತ್ತರಿಸಿದ. ನಾನು ಇನ್ನೊಂದು ಸಲ ಕತ್ತರಿಸಿ ಅಂದೆ. ಕತ್ತರಿಸಿದ್ದನ್ನು ಗಂಟು ಹಾಕಿ ಮತ್ತೆ ಕತ್ತರಿಸಿದ. ದೊಡ್ಡಮ್ಮ ಅವನ ತಲೆಯ ಮೇಲೆ ಕೈಯಿಟ್ಟು ಏನೋ ಒಳ್ಳೆಯ ಮಾತು ಹೇಳಲು ಬಾಯಿ ತೆರೆದರು. ಸರಿಯಾಗಿ ಅದೇ ಹೊತ್ತಿಗೆ ನನ್ನ ಧ್ವನಿ ಗುಡುಗಿತು: "ದೊಡ್ಡಮ್ಮಾ, ಸ್ವಲ್ಪ ಎಡಕ್ಕೆ! ನಿಮ್ಮಿಂದ ಬೋರ್ಡ್ ಮರೆಯಾಗ್ತಿದೆ!"

"ಅಪ್ಪಾ, ಯಾರಿಗೆ ಬೈತಿದೀರಾ?" ಮಗಳು ಕೋಣೆಯಿಂದ ಇಣುಕಿದಳು.

"ಬೈತಿಲ್ಲ. ನಿರ್ದೇಶನ ಮಾಡ್ತಿದೀನಿ."

ನನ್ನ ಧ್ವನಿ ಅಷ್ಟು ಕರ್ಕಶವೆಂದು ನನಗೆ ಇದುವರೆಗೂ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಮಾತಾಡುತ್ತಿದ್ದ ಕಾರಣ ಕೇಳಿಸಿರಲಿಕ್ಕಿಲ್ಲ. ಸ್ಪೀಕರಿನ ಸದ್ದನ್ನು ಪೂರ್ತಿ ಇಳಿಸಿ, ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮಿಕ್ಸಿಗೆ ಕಾವಲು ಕುಳಿತೆ. ಅಂತೂ ಟೇಪು ಒಮ್ಮೆಯೂ ಎಡವದೆ ಕೊನೆ ಮುಟ್ಟಿತು. ಕೊನೆಗೂ ದೊಡ್ಡಮ್ಮ ಕಂಪ್ಯೂಟರಿಗೆ ಇಳಿದರು!

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಬ್ಬ ಒಳ್ಳೆಯ ಅಳಿಯ. ಆದರೆ ನಿಲ್ಲಿಸುವುದು ಹೇಡಿಗಳ ಕೆಲಸ. ಎಡಿಟಿಂಗಿಗೆ ಕೂತೆ.

ಹಳೆಯ ಕಂಪ್ಯೂಟರಿಗೆ ಹೈ ಡೆಫಿನಿಷನ್ ಚಿತ್ರ ನುಂಗಲಾರದ ತುತ್ತು. ಚಿತ್ರ ಬಿಕ್ಕುತ್ತಾ ಬಿಕ್ಕುತ್ತಾ ಓಡುತ್ತಿತ್ತು. ಸದ್ದಂತೂ ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ ಗಕ್ ಗಕ್ ಎನ್ನುತ್ತಿತ್ತು. ಹಾಗಾಗಿ ಸದ್ದು ಬಂದ್ ಮಾಡಿ, ಬರೀ ಕಣ್ಣಿನಲ್ಲೇ ಎಡಿಟ್ ಮಾಡಿದೆ. ಕಳಪೆಯಾದದ್ದನ್ನೆಲ್ಲ ನಿರ್ದಾಕ್ಷಿಣ್ಯವಾಗಿ ಕತ್ತರಿಸಿದೆ. ಅದರಲ್ಲಿ ಒಂದು ಕಡೆ ಕ್ಯಾಮೆರಾ ಎಲ್ಲೋ ಕಪಾಟಿನ ಮೇಲೆ ಕೂತಿದ್ದ ಹಾಗಿತ್ತು. ಅರ್ಧ ಮೇಜು, ಒಂದು ಕನ್ನಡಿಯ ತುಂಡು, ವಾಲಿದ ಗೋಡೆ, ಕೆಳಮೂಲೆಯಲ್ಲಿ ಎರಡು ನರೆತಲೆಗಳು ಅಲ್ಲಾಡುತ್ತಿವೆ. ನಾನು ಊಟಕ್ಕೆ ಹೋಗುವಾಗ ಆಫ್ ಮಾಡುವುದನ್ನು ಮರೆತದ್ದು ಅಂತ ಕಾಣುತ್ತದೆ. ಚೌಕಟ್ಟಿಲ್ಲ, ಬೆಳಕಿಲ್ಲ, ನಿರ್ದೇಶನವಿಲ್ಲ! ಥೂ ಎಂದು ಕತ್ತರಿಸಿ ಎಸೆದೆ.

ಉಳಿದದ್ದಕ್ಕೆ ಅಲಂಕಾರ. ಒಂದು ದೃಶ್ಯ ಪುಸ್ತಕದ ಹಾಳೆಯಂತೆ ಮಗುಚಿ ಮುಂದಿನ ದೃಶ್ಯ ಬರುತ್ತದೆ. ರಿಬ್ಬನ್ ಕತ್ತರಿಸಿದಾಗ ನಕ್ಷತ್ರಗಳು ಸಿಡಿಯುತ್ತವೆ. ದೊಡ್ಡಮ್ಮ ಬಂದಾಗಲೆಲ್ಲ ಸುತ್ತ ಹೃದಯದಾಕಾರದ ಚೌಕಟ್ಟು. ಎಲ್ಲದರ ಮೇಲೂ ನನ್ನ ಧ್ವನಿ ಮುಚ್ಚುವಂತೆ ಪಿಟೀಲಿನ ಸಂಗೀತ. ಅತ್ತೆ ಕೇಳಿದ್ದು ಧ್ವನಿಯನ್ನು ಎಂಬುದು ನನಗೆ ಮರೆತಿರಲಿಲ್ಲ. ಆದರೆ ದೊಡ್ಡಮ್ಮ ಬಾಯಿ ತೆರೆದ ಕಡೆಯೆಲ್ಲ ನಾನು ಕೂಗುತ್ತಿದ್ದೆನಲ್ಲ! ಕೊನೆಗೆ ಒಂದು ವೈಜ್ಞಾನಿಕ ತೀರ್ಮಾನಕ್ಕೆ ಬಂದೆ: ಮುಖವನ್ನು ಇಷ್ಟು ದೊಡ್ಡದಾಗಿ ತೋರಿಸಿದರೆ ಧ್ವನಿ ತಾನಾಗಿಯೇ ನೆನಪಾಗುತ್ತದೆ. ಮೊದಲಿಗೆ ದೊಡ್ಡ ಅಕ್ಷರದಲ್ಲಿ ನನ್ನ ಹೆಸರು, ಕೊನೆಗೆ ಇನ್ನೂ ದೊಡ್ಡ ಅಕ್ಷರದಲ್ಲಿ ನನ್ನ ಹೆಸರು. ಮಹಾಕೃತಿ ಸಿದ್ಧವಾಯಿತು.

ಸಿದ್ಧವಾಯಿತು ಸರಿ, ಹೊರಗೆ ತೆಗೆಯುವುದು ಹೇಗೆ? ಪೆನ್‌ಡ್ರೈವ್ ಹಾಕಿದರೆ, ಇಷ್ಟು ದೊಡ್ಡ ಫೈಲು ನನ್ನಿಂದಾಗದು ಎಂದಿತು. ಸಿಡಿ ಬರೆಯುವ ತಟ್ಟೆ ನಾಲಿಗೆ ಚಾಚಿದ್ದು ಒಳಗೇ ಹೋಗಲಿಲ್ಲ. ಆಗ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಬಂದ ದಾರಿಯಲ್ಲೇ ಹೋದರಾಯಿತು! ಅದೇ ವೈರಿನಲ್ಲಿ ಕಂಪ್ಯೂಟರಿನಿಂದ ಕ್ಯಾಮೆರಾಕ್ಕೆ ಚಿತ್ರವನ್ನು ವಾಪಸ್ ಕಳಿಸಿ ಟೇಪಿನ ಮೇಲೆ ಬರೆಸಬಹುದು. ಆ ಸೌಲಭ್ಯ ಉಂಟು. ಬೇರೆ ಖಾಲಿ ಟೇಪು ಇರಲಿಲ್ಲ, ಈಗ ಎಲ್ಲೂ ಸಿಗುವುದೂ ಇಲ್ಲ. ಇದ್ದದ್ದು ಅದೊಂದೇ. ಇರಲಿ, ಕಚ್ಚಾ ಮಾಲಿದ್ದ ಕಡೆ ಪಕ್ಕಾ ಮಾಲು ತುಂಬಿದರೆ ತಪ್ಪೇನು? ಎಂದುಕೊಂಡೆ.

ಆದರೆ ಕಂಪ್ಯೂಟರು, ಒಳಗೆ ಕಾಲಿಡಲು ಜಾಗವಿಲ್ಲ, ಏನಾದರೂ ಖಾಲಿ ಮಾಡು ಎಂದಿತು. ಟೇಪಿನಿಂದ ಇಳಿಸಿದ ಇಡೀ ಒಂದು ಗಂಟೆಯ ಮೂಲ ಫೈಲನ್ನೇ ಅಳಿಸಿಬಿಟ್ಟೆ. ಕೃತಿ ಆದ ಮೇಲೆ ಕರಡು ಯಾಕೆ? ಆಮೇಲೆ ಟೇಪನ್ನು ಮೊದಲಿಗೆ ಸುತ್ತಿಸಿ, ಕ್ಯಾಮೆರಾದ ಪುಟ್ಟ ಪರದೆ ಮಡಚಿ, ಕಂಪ್ಯೂಟರಿನಲ್ಲಿ ಬರೆಯುವ ಗುಂಡಿ ಒತ್ತಿದೆ. ಕ್ಯಾಮೆರಾ ಪೀಂ ಪೀಂ ಎಂದು ಕೂಗಿತು, ಪಾಪ, ಹಳೆಯ ಯಂತ್ರ, ಭಾರಕ್ಕೆ ಮುಲುಕುತ್ತಿದೆ ಎಂದುಕೊಂಡೆ. ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಕಂಪ್ಯೂಟರಿನ ಪರದೆಯ ಮೇಲೆ "ಮುಗಿಯಿತು" ಎಂದಿತ್ತು. ಮುಗಿದದ್ದು ಏನೆಂದು ಆಗ ನನಗೆ ತಿಳಿಯಲಿಲ್ಲ.

ಭಾನುವಾರ ಬೆಳಗ್ಗೆ ಅತ್ತೆ ಬರುವ ಮೊದಲು ಹೆಂಡತಿಗಾಗಿ ಕಂಪ್ಯೂಟರಿನಲ್ಲೇ ಒಂದು ಖಾಸಗಿ ಪ್ರದರ್ಶನ ಏರ್ಪಡಿಸಿದೆ. ಪಿಟೀಲು ಮೊರೆಯಿತು. ನನ್ನ ಹೆಸರು ಬಂತು. ಹಾಳೆಗಳು ಮಗುಚಿದವು, ನಕ್ಷತ್ರ ಸಿಡಿದವು, ದೊಡ್ಡಮ್ಮ ಹೃದಯದೊಳಗಿಂದ ಬಾಯಿ ಅಲ್ಲಾಡಿಸಿ ಹೋದರು. ಮತ್ತೆ ನನ್ನ ಹೆಸರು ಬಂತು.

"ಹೇಗಿದೆ?"

"ದೊಡ್ಡಮ್ಮ ಮಾತಾಡೋದೇ ಕೇಳಿಸ್ಲಿಲ್ವಲ್ಲ?"

"ಅಲ್ಲಿ ಸ್ವಲ್ಪ ಗಲಾಟೆ ಇತ್ತು. ಸಂಗೀತ ಹಾಕಿದೀನಿ."

"ಗಲಾಟೆ ಯಾರದು?"

ಈ ಪ್ರಶ್ನೆಗೆ ಉತ್ತರಿಸುವ ಅಗತ್ಯ ನನಗೆ ಕಾಣಲಿಲ್ಲ.

"ಹೋಗ್ಲಿ, ಅಂಗಡಿ ಹಿಂದಿನ ಕೋಣೇಲಿ ಅಮ್ಮ, ದೊಡ್ಡಮ್ಮ ಇಬ್ಬರೂ ಕೂತ್ಕೊಂಡು ಕನ್ನಡಕ ಹಾಕಿ ಹಾಕಿ ನೋಡ್ತಿದ್ರಲ್ಲ? ನಾನು ಕುರ್ಚಿ ತರೋಕೆ ಹೋದಾಗ ಇಬ್ಬರೂ ಹೊಟ್ಟೆ ಹಿಡ್ಕೊಂಡು ನಗ್ತಿದ್ರು. ಕ್ಯಾಮೆರಾ ಅಲ್ಲೇ ಕಪಾಟಿನ ಮೇಲೆ ಓಡ್ತಿತ್ತು. ಟೇಪ್ ಎಲ್ಲಾ ದಂಡ ಆಯ್ತು ಅಂತ ನೀವೇ ಆವತ್ತು ದಾರಿಯುದ್ದಕ್ಕೂ ಗೊಣಗಿದ್ರಿ. ಅದೇ ಕಣ್ರೀ ಅಮ್ಮನಿಗೆ ಬೇಕಾಗಿರೋದು! ಅದೆಲ್ಲಿ?"

ನನ್ನ ಕಣ್ಣ ಮುಂದೆ ಎರಡು ನರೆತಲೆಗಳು ಅಲ್ಲಾಡಿದವು.

"ಅದು... ವಾಲಿಕೊಂಡಿತ್ತು. ಕತ್ತರಿಸಿದೆ."

"ಕತ್ತರಿಸಿದ್ರೆ ಏನಂತೆ, ಇಳಿಸಿದ್ದು ಕಂಪ್ಯೂಟರಲ್ಲಿ ಇರುತ್ತಲ್ಲ?"

"ಜಾಗ ಸಾಲ್ಲಿಲ್ಲ. ಅಳಿಸಿದೆ."

"ಟೇಪಲ್ಲಂತೂ ಇದೆ ತಾನೆ?"

ಮಗಳು ಹಲ್ಲುಜ್ಜುತ್ತಾ ಬಂದವಳು ಬ್ರಷ್ಷನ್ನು ಬಾಯಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಪಿಟೀಲಿಗಿಂತ ಸಣ್ಣ ದನಿಯಲ್ಲಿ ಹೇಳಿದೆ: "ಟೇಪಿನ ಮೇಲೆ... ಇದನ್ನೇ ಬರೆಸಿಬಿಟ್ಟೆ."

ನನ್ನ ಹೆಂಡತಿ ಬೈಯಬಹುದೆಂದು ಕಾದೆ. ಅವಳ ನಾಲಿಗೆಯ ಮಹಿಮೆಯನ್ನು ಬಲ್ಲವನು ನಾನು. ಅವಳು ಸುಮ್ಮನೆ ಕುರ್ಚಿಯ ಮೇಲೆ ಕೂತಳು. ಕಣ್ಣಲ್ಲಿ ನೀರಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಬೈಗುಳಕ್ಕಾಗಿ ನಾನು ಹಾತೊರೆದದ್ದು ಅದೊಂದೇ ಸಲ. ಒಬ್ಬ ಮುದುಕಿಗೆ ತನ್ನ ಅಕ್ಕನ ಧ್ವನಿ ಒಂದೇ ಒಂದು ಕಡೆ ಉಳಿದಿತ್ತು, ಅದನ್ನು ನಾನು ಪಿಟೀಲು ಹಾಕಿ ಮುಚ್ಚಿಬಿಟ್ಟೆ. ನಿಜವಾಗಿಯೂ ನಾಚಿಕೆಯಾಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಗಾದೆ ಕೇಳಿದ್ದೆ. ನಾನು ಇದ್ದ ಗಣಪತಿಯನ್ನೂ ಕರಗಿಸಿಬಿಟ್ಟಿದ್ದೆ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಕರೆಗಂಟೆಗೆ ರಟ್ಟು ಅಂಟಿಸಿದ್ದೆನಲ್ಲ, ಅತ್ತೆ ಎಷ್ಟು ಹೊತ್ತಿನಿಂದ ತಟ್ಟುತ್ತಿದ್ದರೋ! ಒಳ್ಳೆಯ ಸೀರೆ ಉಟ್ಟು, ತಲೆ ನೀಟಾಗಿ ಬಾಚಿಕೊಂಡು, ಯಾರನ್ನೋ ಭೇಟಿಯಾಗಲು ಬಂದವರ ಹಾಗೆ ಬಂದಿದ್ದರು. ಸೋಫಾದ ತುದಿಯಲ್ಲಿ ಕೂತು, ನೀರೂ ಬೇಡವೆಂದು, ನೇರ ನನ್ನ ಕಡೆ ನೋಡಿದರು.

"ಅಳಿಯಂದ್ರೇ, ಸಿಕ್ತಾ?"

ಕಂಪ್ಯೂಟರಿನ ಮೇಲೆ ಗೂಬೆ ಕೂರಿಸೋಣವೇ ಎಂದು ಒಂದು ಕ್ಷಣ ಯೋಚಿಸಿದೆ. ಅದು ಪಕ್ಕದಲ್ಲೇ ಗುರ್ ಎನ್ನುತ್ತಿತ್ತು. "ಅತ್ತೆ, ತಪ್ಪು ನನ್ನದೇ. ದೊಡ್ಡಮ್ಮ ಮಾತಾಡಿದ್ದು ಇತ್ತು. ಚೆನ್ನಾಗಿ ಮಾಡೋಕೆ ಹೋಗಿ ಅಳಿಸಿಹಾಕಿದೀನಿ" ಎಂದೆ.

ಅತ್ತೆ ಸೆರಗಿನ ಅಂಚನ್ನು ಮಡಿಸಿದರು. ಆಮೇಲೆ, "ಹೋಗ್ಲಿ ಬಿಡಿ. ಮನುಷ್ಯರೇ ಉಳಿಯಲ್ಲ, ಟೇಪ್ ಉಳಿಯುತ್ತಾ? ನೀವು ಬೇಜಾರು ಮಾಡ್ಕೊಬೇಡಿ" ಎಂದರು. ನನಗೆ ಸಮಾಧಾನ ಹೇಳುತ್ತಿದ್ದಾರೆ! ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ನೆಲ ಹಾಗೆಲ್ಲ ನಮ್ಮ ಅನುಕೂಲಕ್ಕೆ ಬಿರಿಯುವುದಿಲ್ಲ.

ಹೆಂಡತಿ ಎದ್ದು ಹೋಗಿ ಕ್ಯಾಮೆರಾದಿಂದ ಟೇಪನ್ನು ಹೊರತೆಗೆದಳು. ಇನ್ನು ಅದನ್ನು ನನ್ನ ತಲೆಗೆ ಎಸೆಯುತ್ತಾಳೆ ಎಂದು ತಲೆ ಬಗ್ಗಿಸಿದೆ. ಅವಳು ಕಿಟಕಿಯ ಬೆಳಕಿಗೆ ಹಿಡಿದು ಅದರ ಬೆನ್ನನ್ನು ನೋಡಿದಳು. ಉಗುರಿನಿಂದ ಏನನ್ನೋ ಮುಟ್ಟಿ ನೋಡಿದಳು. ಮೆಲ್ಲಗೆ ಅವಳ ತುಟಿಯಂಚು ಮೇಲೆದ್ದಿತು.

"ರೀ, ಕ್ಯಾಮೆರಾ ಪೀಂ ಪೀಂ ಅಂತ ಕೂಗ್ಲಿಲ್ವಾ?"

"ಕೂಗ್ತು. ಸುಸ್ತಾಗಿತ್ತು ಅನ್ಸುತ್ತೆ."

"ಸುಸ್ತಲ್ಲ, ನಿಮ್ಮನ್ನ ಬೈತಿತ್ತು. ಬೀಗ ಹಾಕಿದೆ ಅಂತ ಹೇಳ್ತಿತ್ತು. ಇಲ್ಲಿ ನೋಡಿ, ಟೇಪಿನ ಬೆನ್ನ ಮೇಲೆ ಸಣ್ಣ ತುಂಡು ಜಾರುತ್ತಲ್ಲ, ಇದನ್ನ ಈ ಕಡೆ ಸರಿಸಿಬಿಟ್ರೆ ಇದರ ಮೇಲೆ ಏನೂ ಬರೆಯೋಕಾಗಲ್ಲ. ನೀವು ಕಳಿಸಿದ್ದು ಒಂದಕ್ಷರಾನೂ ಟೇಪಿಗೆ ಹೋಗಿಲ್ಲ!"

"ಯಾರು ಸರಿಸಿದ್ದು?"

"ಇನ್ಯಾರು? ಆವತ್ತು ಮನೆಗೆ ಬಂದ ಕೂಡ್ಲೇ ನಾನೇ ಸರಿಸಿಟ್ಟಿದ್ದೆ. ಕ್ಯಾಮೆರಾದ ಪುಸ್ತಕ ಓದಿದ್ದು ಈ ಮನೇಲಿ ನಾನೊಬ್ಬಳೇ ಅಲ್ವಾ? ಮಾರನೇ ದಿನ ನೀವು ಇದರ ಮೇಲೆ ಪಕ್ಕದ ಮನೆ ಬೆಕ್ಕನ್ನ ತೆಗೀತೀರಾ ಅಂತ ಗೊತ್ತಿತ್ತು ನನಗೆ."

ಬೆಕ್ಕನ್ನು ತೆಗೆಯುವ ಯೋಚನೆ ನನಗೆ ನಿಜವಾಗಿಯೂ ಇತ್ತು. ಮಾರನೇ ದಿನ ಟೇಪು ಹಾಕಿದಾಗ ಕ್ಯಾಮೆರಾ ಕೆಲಸ ಮಾಡದೆ ಕೂತದ್ದೂ ನೆನಪಾಯಿತು. ಬೇರೆ ಟೇಪು ಹಾಕಿ ತೆಗೆದಿದ್ದೆ, ಅದು ಆಮೇಲೆ ಎಲ್ಲಿ ಹೋಯಿತೋ. ಆದರೆ ಆ ಹೊತ್ತಿಗೆ ಅದನ್ನು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನ್ನಲ್ಲಿರಲಿಲ್ಲ.

ಹೆಂಡತಿ ನನ್ನನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು. ಹಿಟ್ಟಿನ ಗಿರಣಿಯ ಗುಂಡಿ ಒತ್ತಿ ಬಾಯಿ ಮುಚ್ಚಿಸಿದಳು. ಕಪಾಟಿನಿಂದ ಕೆಂಪು, ಹಳದಿ, ಬಿಳಿ ತಲೆಯ ಒಂದು ಸಾಧಾರಣ ವೈರನ್ನು ತಂದು, ಕ್ಯಾಮೆರಾವನ್ನು ನೇರ ಟಿವಿಗೆ ಸಿಕ್ಕಿಸಿ, ಟೇಪನ್ನು ಮತ್ತೆ ಒಳಗೆ ಹಾಕಿ ಬೇಕಾದ ಕಡೆಗೆ ಓಡಿಸಿದಳು. ಅಷ್ಟೇ. ಐದು ನಿಮಿಷವೂ ಆಗಲಿಲ್ಲ.

"ಇಷ್ಟು ಸುಲಭ ಅಂತ ಮೊದಲೇ ಯಾಕೆ ಹೇಳ್ಲಿಲ್ಲ?" ಎಂದೆ.

"ನೀವು ಮಾತು ನಿಲ್ಲಿಸಿದ್ದು ಇವತ್ತೇ ಅಲ್ವಾ?"

ಟಿವಿಯ ತುಂಬ ವಾಲಿದ ಗೋಡೆ ಬಂತು. ಅರ್ಧ ಮೇಜು, ಕನ್ನಡಿಯ ತುಂಡು. ಮೂಲೆಯಲ್ಲಿ ಇಬ್ಬರು ಅಕ್ಕತಂಗಿಯರು, ಮುಂದೆ ಒಂದು ರಾಶಿ ಕನ್ನಡಕದ ಫ್ರೇಮುಗಳು. ಒಂದು ಸ್ವಲ್ಪ ಒರಟಾದ, ಮೂಗಿನಿಂದ ಬರುವ, ಕೊನೆಯ ಅಕ್ಷರವನ್ನು ಎಳೆಯುವ ಧ್ವನಿ ಹಾಲ್ ತುಂಬಿತು.

"ಆ ಕ್ಯಾಮೆರಾ ಅಳಿಯ ಎಲ್ಲಿ ಹೋದ್ನೇ?"

"ಊಟಕ್ಕೆ ಹೋದ್ರು ಅಕ್ಕ."

"ಸದ್ಯ! ಇನ್ನು ನಗಬಹುದು. ಬೆಳಗ್ಗೆಯಿಂದ ನಗಿ ನಗಿ ಅಂತ ಕೂಗಿ ಕೂಗಿ ಅಳು ಬರೋ ಹಾಗೆ ಮಾಡ್ದ. ತಗೋ, ಇದನ್ನ ಹಾಕು. ಅಯ್ಯಯ್ಯೋ! ಥೇಟ್ ನಮ್ಮ ಲೆಕ್ಕದ ಮೇಷ್ಟ್ರು ಕಣೇ ನೀನು!"

ಟಿವಿಯೊಳಗೆ ಅತ್ತೆ ನಕ್ಕರು. ಸೋಫಾದ ಮೇಲೂ ಅತ್ತೆ ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ದೊಡ್ಡಮ್ಮ ಗುಲಾಬಿ ಬಣ್ಣದ ಬೆಕ್ಕಿನ ಕಣ್ಣಿನಾಕಾರದ ಫ್ರೇಮೊಂದನ್ನು ಏರಿಸಿಕೊಂಡು, "ನನಗೀಗ ಗಂಡು ನೋಡೇ, ಯಾರಾದ್ರೂ ಒಪ್ತಾರೆ" ಎಂದರು. "ಒಪ್ಪಿದ್ರೆ ಅವರಿಗೂ ಒಂದು ಕನ್ನಡಕ ಬೇಕಾಗುತ್ತೆ ಅಕ್ಕ" ಎಂದರು ಅತ್ತೆ. ಮೇಜು ಬಡಿದುಕೊಂಡು ಇಬ್ಬರೂ ನಕ್ಕದ್ದಕ್ಕೆ ಕನ್ನಡಿಯೇ ಅಲ್ಲಾಡಿತು. ನನ್ನ ಮಗಳು ಅಜ್ಜಿಯ ಪಕ್ಕ ಕೂತು ಅವರ ಕೈ ಹಿಡಿದುಕೊಂಡಳು. ಅತ್ತೆ ಟಿವಿಯ ಕಡೆಯೇ ನೋಡುತ್ತಾ ಮೆಲ್ಲಗೆ, "ಹೌದು, ಹೀಗೇ. ಹೀಗೇ ಎಳೀತಿದ್ಲು ಅವಳು" ಎನ್ನುತ್ತಿದ್ದರು. ನನಗೂ ಕಣ್ಣು ಮಂಜಾಯಿತು, ಸುಳ್ಳು ಯಾಕೆ ಹೇಳಲಿ.

ದೊಡ್ಡಮ್ಮ ಇನ್ನೊಂದು ಫ್ರೇಮ್ ಎತ್ತಿಕೊಂಡು, ತಂಗಿಯ ಕಡೆ ಬಾಗಿ, "ಒಂದು ಗುಟ್ಟು ಹೇಳ್ತೀನಿ ಕೇಳು..." ಎಂದರು.

ಆಗ ಟಿವಿಯೊಳಗೆ ಬಾಗಿಲು ತೆರೆದ ಸದ್ದು. ಒಂದು ದೊಡ್ಡ ಹೊಟ್ಟೆ ಇಡೀ ಪರದೆಯನ್ನು ಮುಚ್ಚಿತು. "ಛೆ, ಆಫ್ ಮಾಡೋದೇ ಮರೆತಿದ್ದೆ!" ಎಂದಿತು ನನ್ನ ಧ್ವನಿ. ಪರದೆ ಕಪ್ಪಾಯಿತು.

ಹಾಲ್‌ನಲ್ಲಿ ಮೂವರೂ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ತುಂಬು ಮನಸ್ಸಿನಿಂದ, ಒಂದಿಷ್ಟೂ ವ್ಯಂಗ್ಯವಿಲ್ಲದೆ ಹೇಳಿದರು:

"ಅಳಿಯಂದ್ರೇ, ನೀವು ಇಲ್ಲದೇ ಇದ್ದಾಗ ಎಷ್ಟು ಚೆನ್ನಾಗಿ ತೆಗೀತೀರಿ!"